ದೂರಶಿಕ್ಷಣ: ಪಾಠ ಮನೆಗೆ ಬಂದಿದೆ, ಸಹವಾಸ ಎಲ್ಲಿದೆ?

ಮೈಸೂರಿನ ಶ್ರೀರಾಂಪುರದಿಂದ ಮುಕ್ತಗಂಗೋತ್ರಿಗೆ ಹತ್ತು ಕಿಲೋಮೀಟರಿನ ದಾರಿಯೂ ಇಲ್ಲ. ವರ್ತುಲ ರಸ್ತೆ ಹಿಡಿದು ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಆವರಣವನ್ನು ತಲುಪಬಹುದು. ನಾಡಿನ ಮೂಲೆಮೂಲೆಯ ವಿದ್ಯಾರ್ಥಿಗಳಿಗೆ ಅದು ದೂರದ ವಿಶ್ವವಿದ್ಯಾನಿಲಯ, ಶ್ರೀರಾಂಪುರದವರಿಗೆ ನೆರೆಮನೆ. ಆದರೂ ಈ ಬಡಾವಣೆಯ ಎಷ್ಟೋ ಮನೆಗಳಲ್ಲಿ ದೂರಶಿಕ್ಷಣದ ಬಗ್ಗೆ ಇರುವ ತಿಳಿವಳಿಕೆ, ಮೊಬೈಲಿನಲ್ಲಿ ಬಂದು ಹೋಗುವ ಜಾಹೀರಾತುಗಳಷ್ಟಕ್ಕೇ ನಿಂತಿದೆ.

ಪಿಯುಸಿ ಫಲಿತಾಂಶ ಬಂದ ಮೇಲೆ ತಂದೆತಾಯಿಗಳು ಶ್ರೀಮಠದ ಜಗಲಿಯಲ್ಲಿ ಕೂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಗ ಕೆಲಸಕ್ಕೆ ಸೇರಿದ್ದಾನೆ, ಆನ್‌ಲೈನ್‌ನಲ್ಲಿ ಡಿಗ್ರಿ ಮಾಡಿಸಬಹುದೇ? ಆ ಪದವಿಗೆ ಬೆಲೆ ಇದೆಯೇ? ಮಗಳನ್ನು ಕಾಲೇಜಿಗೆ ಕಳುಹಿಸುವ ಬದಲು ಮನೆಯಲ್ಲೇ ಓದಿಸಿದರೆ ಆಗದೇ? ಈ ಮೂರು ಪ್ರಶ್ನೆಗಳಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಮೊದಲನೆಯದಕ್ಕೆ ಹೌದು ಎನ್ನಬಹುದು, ಎರಡನೆಯದಕ್ಕೆ ವಿಚಾರಿಸಿ ಸೇರಿದರೆ ಇದೆ ಎನ್ನಬಹುದು; ಮೂರನೆಯದಕ್ಕೆ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಈ ಲೇಖನದ ಉದ್ದೇಶ ಆ ಯೋಚನೆಗೆ ಬೇಕಾದ ಸಾಮಗ್ರಿಯನ್ನು ಸದ್ಭಕ್ತರ ಮುಂದಿಡುವುದು.

ಅಂಚೆಯಿಂದ ಅಂತರಜಾಲದವರೆಗೆ

ಕಲಿಯುವವನು ಗುರುವಿನ ಬಳಿಗೆ ಬರಲಾಗದಿದ್ದರೆ ವಿದ್ಯೆಯೇ ಅವನ ಬಳಿಗೆ ಹೋಗಬೇಕೆಂಬ ವಿಚಾರ ಮೈಸೂರಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ತನ್ನ ಅಧ್ಯಾಪಕರನ್ನು ಹಳ್ಳಿ ಪಟ್ಟಣಗಳಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು.

ಅಂಚೆಯ ಮೂಲಕ ಪದವಿ ಶಿಕ್ಷಣ ಕೊಡುವ ಕ್ರಮ ಭಾರತದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಿಂದ ಮೊದಲಾಯಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಥದೊಂದು ಸಂಸ್ಥೆಯನ್ನು ತೆರೆಯಿತು. ಅದನ್ನು ಕನ್ನಡದಲ್ಲಿ ‘ಅಂಚೆ ತೆರಪಿನ ಶಿಕ್ಷಣ’ ಎಂದು ಕರೆದರು. ತೆರಪು ಎಂದರೆ ಬಿಡುವು. ಹೊಟ್ಟೆಪಾಡಿನ ದುಡಿಮೆಯ ನಡುವೆ ಸಿಗುವ ಬಿಡುವಿನಲ್ಲಿ ಓದುವುದು ಎಂಬ ಅರ್ಥವನ್ನು ಆ ಒಂದು ಮಾತು ಹಿಡಿದಿಟ್ಟಿದೆ. ಶಾಲಾ ಶಿಕ್ಷಕರು, ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಈ ದಾರಿಯಿಂದ ಪದವೀಧರರಾದರು. ಅದೇ ಸಂಸ್ಥೆಯ ತಳಹದಿಯ ಮೇಲೆ, 1992ರ ಕಾಯಿದೆಯ ಅನ್ವಯ, 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು.

ಇಂದು ಇದು ಸಣ್ಣ ಸಂಗತಿಯಾಗಿ ಉಳಿದಿಲ್ಲ. 2020–21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಉನ್ನತ ಶಿಕ್ಷಣದಲ್ಲಿದ್ದವರು ಸುಮಾರು 4.14 ಕೋಟಿ, ಅವರಲ್ಲಿ 45.71 ಲಕ್ಷ ಮಂದಿ ದೂರಶಿಕ್ಷಣದವರು. ನೂರಕ್ಕೆ ಹನ್ನೊಂದು ಮಂದಿ ಎಂದಾಯಿತು. ಈ 45.71 ಲಕ್ಷದಲ್ಲಿ ಮಹಿಳೆಯರು 20.9 ಲಕ್ಷ.

ದೂರಶಿಕ್ಷಣ ಬೇರೆ, ಆನ್‌ಲೈನ್ ಶಿಕ್ಷಣ ಬೇರೆ

ಜನರ ಮಾತಿನಲ್ಲಿ ಇವೆರಡೂ ಒಂದೇ ಆಗಿಬಿಟ್ಟಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿ ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ.

ಮುಕ್ತ ಮತ್ತು ದೂರಶಿಕ್ಷಣದಲ್ಲಿ ಕಲಿಕೆಯ ಆಧಾರ ವಿಶ್ವವಿದ್ಯಾನಿಲಯವೇ ಬರೆಸಿ ಕೊಡುವ ಸಿದ್ಧಪಾಠ. ಅಧ್ಯಾಪಕರು ಎದುರಿಗಿಲ್ಲದಿದ್ದರೂ ವಿದ್ಯಾರ್ಥಿ ತಾನೇ ಓದಿ ಅರ್ಥಮಾಡಿಕೊಳ್ಳುವಂತೆ ಅದನ್ನು ರಚಿಸಿರುತ್ತಾರೆ. ಜೊತೆಗೆ ಪ್ರಾದೇಶಿಕ ಕೇಂದ್ರಗಳು, ಕಲಿಕಾ ಸಹಾಯ ಕೇಂದ್ರಗಳು, ನಿಗದಿತ ದಿನಗಳ ಸಂಪರ್ಕ ತರಗತಿಗಳು ಇರುತ್ತವೆ. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕು.

ಆನ್‌ಲೈನ್ ಪದವಿಯಲ್ಲಿ ಎಲ್ಲವೂ ಅಂತರಜಾಲದ ಒಂದು ಕಲಿಕಾ ವೇದಿಕೆಯಲ್ಲಿ ನಡೆಯುತ್ತದೆ. ಅದಕ್ಕೆ ನಾಲ್ಕು ಅಂಗಗಳಿರಬೇಕೆಂಬುದು ನಿಯಮ: ವಿಡಿಯೋ ಪಾಠ, ಓದಲು ಬೇಕಾದ ಪಠ್ಯ, ಪ್ರಶ್ನೆ ಕೇಳಿ ಚರ್ಚಿಸುವ ವೇದಿಕೆ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಅಭ್ಯಾಸ ಪ್ರಶ್ನೆಗಳು. ಹೆಸರು ನೋಂದಾಯಿಸಿ ಸುಮ್ಮನಿದ್ದರೆ ಆಗದು. ಈ ಚಟುವಟಿಕೆಗಳಲ್ಲಿ ಕನಿಷ್ಠ ಶೇಕಡ 75ರಷ್ಟು ಪಾಲ್ಗೊಂಡಿರಬೇಕು. ನಿಗಾ ಇರುವ ಪರೀಕ್ಷೆಯನ್ನೂ ಬರೆಯಬೇಕು.

ಈ ಎರಡು ಬಗೆಗಳಲ್ಲಿ ಪಡೆದ ಪದವಿಗೂ ಕಾಲೇಜಿಗೆ ಹೋಗಿ ಪಡೆದ ಪದವಿಗೂ ಸಮಾನ ಮಾನ್ಯತೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಆಯೋಗ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕೆಂಬುದೇ ಅಲ್ಲಿನ ಷರತ್ತು.

ಕಾಲೇಜಿಗೆ ಹೋಗುತ್ತಿರುವ ಮಕ್ಕಳಿಗೂ ಈ ಬಾಗಿಲು ತೆರೆದಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರ 2017ರ ಜುಲೈನಲ್ಲಿ ಆರಂಭಿಸಿದ ‘ಸ್ವಯಂ’ ಜಾಲತಾಣದಲ್ಲಿ ದೇಶದ ಒಳ್ಳೆಯ ಅಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ. ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡ 40ರವರೆಗೆ ಈ ಮೂಲಕ ಕಲಿಯಲು 2021ರ ನಿಯಮ ಅವಕಾಶ ಕೊಟ್ಟಿದೆ. ಆದರೆ ವಿದ್ಯಾರ್ಥಿಯ ವಿಶ್ವವಿದ್ಯಾನಿಲಯ ಅದನ್ನು ಒಪ್ಪಿ ಅಳವಡಿಸಿಕೊಂಡಿರಬೇಕು. ಕಾಲೇಜಿನ ಪದವಿಯ ಜೊತೆಗೆ ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಮತ್ತೊಂದು ಪದವಿಯನ್ನು ಏಕಕಾಲದಲ್ಲಿ ಓದಲು 2022ರಿಂದ ಅನುಮತಿ ಇದೆ. ಬಿ.ಕಾಂ. ಓದುವ ಹುಡುಗಿಗೆ ಕನ್ನಡ ಸಾಹಿತ್ಯದ ಮೇಲೆ ಪ್ರೀತಿಯಿದ್ದರೆ ಅದನ್ನು ಬಿಟ್ಟುಕೊಡಬೇಕಾಗಿಲ್ಲ.

ಹಿಂದಿನ ಪೆಟ್ಟು ಕಲಿಸಿದ ಪಾಠ

ಮಾನ್ಯತೆಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಒಂದು ಕಾಲದಲ್ಲಿ ರಾಜ್ಯದ ಗಡಿಯ ಆಚೆಗೂ ಸಹಭಾಗಿ ಸಂಸ್ಥೆಗಳ ಮೂಲಕ, ತಾಂತ್ರಿಕ ಕೋರ್ಸುಗಳೂ ಸೇರಿದಂತೆ, ತರಗತಿಗಳನ್ನು ನಡೆಸಿತು. ಇದು ನಿಯಮದ ಉಲ್ಲಂಘನೆ ಎಂದು ಯುಜಿಸಿ 2015ರ ಜೂನ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ, 2012–13ರ ಅನಂತರದ ಅವಧಿಗೆ ಮಾನ್ಯತೆ ಇಲ್ಲವೆಂದು ಹೇಳಿತು. ಮಾನ್ಯತೆ ಮರಳಿ ಬಂದದ್ದು 2018–19ನೇ ಸಾಲಿಗೆ.

ನಡುವಿನ ಆ ವರ್ಷಗಳಲ್ಲಿ ಪ್ರವೇಶ ಪಡೆದಿದ್ದ ವಿದ್ಯಾರ್ಥಿಗಳು ಅತಂತ್ರರಾದರು. ಶುಲ್ಕ ಕಟ್ಟಿ, ಪುಸ್ತಕ ಓದಿ, ಪರೀಕ್ಷೆ ಬರೆದವರ ಕೈಯಲ್ಲಿದ್ದ ಅಂಕಪಟ್ಟಿಗೆ ಬೆಲೆ ಇದೆಯೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳದ ಸ್ಥಿತಿ ಅದು. ಅವರಲ್ಲಿ ಹೆಚ್ಚಿನವರದು ದುಡಿದು ಓದಿದ ಬದುಕು. ಶ್ರಮ ಅವರದು, ತಪ್ಪು ಅವರದಲ್ಲ. ಕಷ್ಟ ಮಾತ್ರ ಅವರ ಪಾಲಿಗೆ ಬಂತು. ವಿಶ್ವವಿದ್ಯಾನಿಲಯ ಆ ಅಧ್ಯಾಯದಿಂದ ಹೊರಬಂದು, ಮುಂದೆ ನ್ಯಾಕ್ ಮೌಲ್ಯಮಾಪನದಲ್ಲಿ ಎ ಪ್ಲಸ್ ಶ್ರೇಣಿಯನ್ನೂ ಪಡೆದಿದೆ. ಇದು ಸಂತೋಷದ ವಿಷಯ. ಆದರೆ ಆ ದಿನಗಳು ಕಲಿಸಿದ ಎಚ್ಚರವನ್ನು ಮರೆಯುವಂತಿಲ್ಲ. ಈಗ ರಾಜ್ಯದ ಮತ್ತು ಹೊರರಾಜ್ಯಗಳ ಹತ್ತಾರು ವಿಶ್ವವಿದ್ಯಾನಿಲಯಗಳು ಆನ್‌ಲೈನ್ ಪದವಿ ಕೊಡುತ್ತಿವೆ. ಅವುಗಳ ಹೆಸರಿನಲ್ಲಿ ಮನೆಗೆ ಫೋನ್ ಮಾಡುವ ಮಧ್ಯವರ್ತಿಗಳೂ ಇದ್ದಾರೆ. ಹತ್ತೇ ದಿನಗಳಲ್ಲಿ ಎಂ.ಬಿ.ಎ. ಎಂಬಂಥ ಜಾಹೀರಾತುಗಳ ಬಗ್ಗೆ 2024ರಲ್ಲಿ ಆಯೋಗವೇ ಎಚ್ಚರಿಕೆ ಕೊಡಬೇಕಾಯಿತು.

ಆದ್ದರಿಂದ ಶುಲ್ಕ ಕಟ್ಟುವ ಮೊದಲು ನಾಲ್ಕು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು.

ಮೊದಲನೆಯದು, ಮಾನ್ಯತೆ ಸಂಸ್ಥೆಗೆ ಒಮ್ಮೆ ಸಿಕ್ಕಿದರೆ ಸಾಲದು. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಅದು ಇರಬೇಕು. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಈ ಪಟ್ಟಿ ಸಿಗುತ್ತದೆ.

ಎರಡನೆಯದು, ಎಲ್ಲ ವಿದ್ಯೆಯನ್ನೂ ದೂರದಿಂದ ಕಲಿಯಲಾಗದು. ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಮೊದಲಾದ ಪದವಿಗಳಿಗೆ ಈ ಕ್ರಮದಲ್ಲಿ ಅನುಮತಿಯಿಲ್ಲ. ರೋಗಿಯ ನಾಡಿ ಹಿಡಿಯುವುದನ್ನು ಪರದೆಯ ಮೇಲೆ ಕಲಿಸಲು ಬರುವುದಿಲ್ಲ ಎಂಬುದು ಯಾರಿಗಾದರೂ ಅರ್ಥವಾಗುವ ಮಾತು.

ಮೂರನೆಯದು, ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣಕ್ಕೆ ರಾಜ್ಯದ ಗಡಿಯೇ ಎಲ್ಲೆ. ಆನ್‌ಲೈನ್ ಪದವಿಗೆ ಆ ಎಲ್ಲೆ ಇಲ್ಲ. ಎರಡರಲ್ಲೂ ಬೇರೊಬ್ಬರಿಗೆ ಫ್ರಾಂಚೈಸಿ ಕೊಟ್ಟು ನಡೆಸುವಂತಿಲ್ಲ. ಆದ್ದರಿಂದ ಶುಲ್ಕವನ್ನು ನೇರವಾಗಿ ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಬೇಕು.

ನಾಲ್ಕನೆಯದು, 2024ರಿಂದ ಪ್ರತಿ ವಿದ್ಯಾರ್ಥಿಯೂ ಪ್ರವೇಶಕ್ಕೆ ಮುನ್ನ ಯುಜಿಸಿಯ ಜಾಲತಾಣದಲ್ಲಿ ಡಿಇಬಿ ಗುರುತಿನ ಸಂಖ್ಯೆಯನ್ನು ಪಡೆಯಬೇಕು. ಅದನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಲಿ. ಆಧಾರ್ ಸಂಖ್ಯೆಯನ್ನೂ ಒಟಿಪಿಯನ್ನೂ ಪರಿಚಯವಿಲ್ಲದವರ ಕೈಗೆ ಕೊಟ್ಟು ಮಾಡಿಸಿಕೊಳ್ಳುವುದು ಅಪಾಯಕಾರಿ.

ಬಿಡುವಿನ ಓದಲ್ಲ, ಬಿಡುವು ಮಾಡಿಕೊಳ್ಳುವ ಓದು

ಇಷ್ಟೆಲ್ಲ ನೋಡಿ ಸರಿಯಾದ ಕಡೆ ಸೇರಿದ್ದಾಯಿತು ಎನ್ನೋಣ. ನಿಜವಾದ ಕಷ್ಟ ಆಮೇಲೆ ಆರಂಭವಾಗುತ್ತದೆ.

ದೂರಶಿಕ್ಷಣ ಎಂದರೆ ಪರೀಕ್ಷೆಗೆ ಹದಿನೈದು ದಿನ ಮುಂಚೆ ಪುಸ್ತಕ ಬಿಚ್ಚುವುದು ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ನಿಯಮದ ಲೆಕ್ಕ ಬೇರೆಯೇ ಇದೆ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದು ಹಿಡಿದರೆ 3,600 ಗಂಟೆಗಳಾಗುತ್ತವೆ. ವರ್ಷಕ್ಕೆ 1,200 ಗಂಟೆ, ವಾರಕ್ಕೆ ಸುಮಾರು 23 ಗಂಟೆ. ಹಬ್ಬಹರಿದಿನ, ಮದುವೆ ಮುಂಜಿ, ಜ್ವರ ನೆಗಡಿ ಯಾವುದನ್ನೂ ಲೆಕ್ಕಿಸದೆ ವರ್ಷದ ಎಲ್ಲ ದಿನವೂ ಕೂತರೆ ದಿನಕ್ಕೆ ಮೂರು ಗಂಟೆಗೂ ಸ್ವಲ್ಪ ಹೆಚ್ಚು.

ಶ್ರೀರಾಂಪುರದಲ್ಲಿ ನೆಲೆಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಹೋಗಿಬರುವ ಇಪ್ಪತ್ತು ವರ್ಷದ ತರುಣಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಮರಳುವುದು ಸಂಜೆ ಆರೂವರೆಗೆ. ಕೈಕಾಲು ತೊಳೆದು, ಅಡುಗೆಗೆ ತಾಯಿಗೆ ನೆರವಾಗಿ, ಊಟ ಮುಗಿಸುವಾಗ ಒಂಬತ್ತು. ಆಮೇಲೆ ಮೂರು ಗಂಟೆ ಓದಿದರೆ ನಡುರಾತ್ರಿ. ಮರುದಿನ ಮತ್ತೆ ಏಳಕ್ಕೆ ಬಸ್ಸು. ಮೊದಲ ತಿಂಗಳು ಉತ್ಸಾಹ ಇರುತ್ತದೆ, ಎರಡನೆಯ ತಿಂಗಳು ಛಲ ಇರುತ್ತದೆ. ಮೂರನೆಯ ತಿಂಗಳು ವಿಡಿಯೋ ಹಾಕಿಕೊಂಡು ನಿದ್ದೆಹೋಗುತ್ತಾಳೆ. ನಾಲ್ಕನೆಯ ತಿಂಗಳು ಅಸೈನ್‌ಮೆಂಟಿನ ಗಡುವು ಮೀರುತ್ತದೆ. ಆಗ ಅವಳನ್ನು ‘ಏಕೆ ಬರಲಿಲ್ಲ’ ಎಂದು ಕೇಳಲು ಯಾರೂ ಇರುವುದಿಲ್ಲ. ಕಾಲೇಜಿನಲ್ಲಾದರೆ ಪಕ್ಕದ ಬೆಂಚಿನ ಗೆಳತಿಯಾದರೂ ಕೇಳುತ್ತಿದ್ದಳು.

ಆ ಹುಡುಗಿಗೆ ಬುದ್ಧಿ ಕಡಿಮೆಯಿಲ್ಲ, ಪಾಠವೂ ಕೆಟ್ಟದಾಗಿಲ್ಲ. ಕೊರತೆ ಇರುವುದು ಹೊತ್ತಿನಲ್ಲಿ, ಓದುವ ಎಡೆಯಲ್ಲಿ, ಜೊತೆಯಲ್ಲಿ.

ಈ ಮಾತನ್ನು ಪುಷ್ಟೀಕರಿಸುವ ಅಂಕಿಅಂಶಗಳೂ ಇವೆ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳು ಅಂತರಜಾಲದಲ್ಲಿ ಮುಕ್ತವಾಗಿ ನಡೆಸಿದ ಕೋರ್ಸುಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಗತ್ತಿನ ಶ್ರೇಷ್ಠ ಅಧ್ಯಾಪಕರ ಪಾಠಗಳು ಅವು. ಆದರೂ 2017–18ರಲ್ಲಿ ಸೇರಿದವರ ಪೈಕಿ ಕೋರ್ಸು ಮುಗಿಸಿದವರು ನೂರಕ್ಕೆ ಸುಮಾರು ಮೂವರು ಮಾತ್ರ. ಹಣ ಕಟ್ಟಿ ಪ್ರಮಾಣಪತ್ರಕ್ಕಾಗಿ ಸೇರಿದವರಲ್ಲಿ ಕೂಡ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆಯೇ ಬಿಟ್ಟಿದ್ದರು. ಪದವಿ ಶಿಕ್ಷಣಕ್ಕೂ ಇಂಥ ಬಿಡಿ ಕೋರ್ಸುಗಳಿಗೂ ವ್ಯತ್ಯಾಸವಿದೆ, ಒಪ್ಪೋಣ. ಆದರೆ ಒಳ್ಳೆಯ ಪಾಠವೊಂದೇ ವಿದ್ಯಾರ್ಥಿಯನ್ನು ಕೊನೆಯವರೆಗೆ ಕರೆದೊಯ್ಯಲಾರದು ಎಂಬುದಕ್ಕೆ ಇಷ್ಟು ಸಾಕು.

ಸಾಧನಗಳ ಕೊರತೆ ಇದಕ್ಕೆ ಸೇರಿಕೊಳ್ಳುತ್ತದೆ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳಲ್ಲಿ ನೂರಕ್ಕೆ 15 ಮನೆಗಳಲ್ಲಷ್ಟೇ ಅಂತರಜಾಲದ ಸೌಲಭ್ಯವಿತ್ತು. ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ ಐದೂ ಇರಲಿಲ್ಲ. ಅದಾಗಿ ಎರಡೇ ವರ್ಷಕ್ಕೆ ಕೊರೊನಾ ಬಂದು ಕಾಲೇಜುಗಳು ಮುಚ್ಚಿದವು. ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆಯ ಬದಿಯಲ್ಲಿ ಕೂತು ಆನ್‌ಲೈನ್ ತರಗತಿ ಕೇಳುತ್ತಿದ್ದಾಗ ತಂದೆ ಸುರಿವ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿತು. ಮೊಬೈಲಿನ ಬಳಕೆ ಅಂದಿನಿಂದ ಹೆಚ್ಚಿದೆ, ನಿಜ. ಆದರೆ ಮನೆಯಲ್ಲಿ ಒಂದೇ ಮೊಬೈಲಿದ್ದು ಇಬ್ಬರು ಮಕ್ಕಳು ಓದುವವರಿದ್ದರೆ ಅದು ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ ಈಗಲೂ ಉಳಿದಿದೆ.

ಆ ಚಿತ್ರದಲ್ಲಿ ನಾವು ನೆಟ್‌ವರ್ಕಿನ ಕೊರತೆಯನ್ನಷ್ಟೇ ನೋಡಿದೆವು. ಕೊಡೆ ಹಿಡಿದ ತಂದೆಯನ್ನೂ ನೋಡಬೇಕಿತ್ತು. ಆ ಮಗುವಿನ ಪಾಠವನ್ನು ನಡೆಸಿದ್ದು ಯಂತ್ರದಷ್ಟೇ ಆ ಕೈ ಕೂಡ.

ಪ್ರಸಾದ ನಿಲಯಗಳು ಕೊಟ್ಟದ್ದೇನು?

ನಮ್ಮ ಮಠಗಳ ಶಿಕ್ಷಣ ಸೇವೆಯ ಇತಿಹಾಸವನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಆದರೆ ಅದಕ್ಕೂ ಮೊದಲೇ, 1941ರಲ್ಲಿ, ಮೈಸೂರಿನಲ್ಲಿ ಅವರು ಆರಂಭಿಸಿದ್ದು ಹಳ್ಳಿಯ ಬಡ ಮಕ್ಕಳಿಗಾಗಿ ಒಂದು ಉಚಿತ ವಿದ್ಯಾರ್ಥಿನಿಲಯವನ್ನು. ಕಾಲೇಜುಗಳು ಆಗಲೂ ಮೈಸೂರಿನಲ್ಲಿದ್ದವು, ಅಧ್ಯಾಪಕರೂ ಇದ್ದರು. ಹಳ್ಳಿಯ ಹುಡುಗನಿಗೆ ಇಲ್ಲದಿದ್ದದ್ದು ಹೊತ್ತುಹೊತ್ತಿನ ಊಟ, ಕೂತು ಓದುವ ಜಾಗ, ಜೊತೆಗೆ ಓದುವ ಗೆಳೆಯರು, ದಾರಿ ತಪ್ಪಿದರೆ ಕರೆದು ಕೇಳುವ ಹಿರಿಯರು. ಪ್ರಸಾದ ನಿಲಯ ಕೊಟ್ಟದ್ದು ಇವನ್ನೇ. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ ಮೊದಲಾದ ಕಡೆಗಳಲ್ಲಿ ನಡೆದದ್ದೂ ಇದೇ. ತರಗತಿಯ ಪಾಠ ಬೇರೆಯವರದಾಗಿದ್ದರೂ ವಿದ್ಯಾರ್ಥಿ ನಡುವೆ ಬಿಟ್ಟುಹೋಗದಂತೆ ಹಿಡಿದುಕೊಂಡದ್ದು ದಾಸೋಹ.

ಇಂದಿನ ಆನ್‌ಲೈನ್ ವಿದ್ಯಾರ್ಥಿಯ ಸ್ಥಿತಿ 1941ರ ಆ ಹಳ್ಳಿಯ ಹುಡುಗನ ಸ್ಥಿತಿಗಿಂತ ಬಹಳ ಬೇರೆಯಲ್ಲ. ಅವನಿಗೆ ವಿದ್ಯೆ ದೂರದ ಪಟ್ಟಣದಲ್ಲಿತ್ತು, ಇವನಿಗೆ ಅಂಗೈಯಲ್ಲಿದೆ. ಆದರೆ ಅದನ್ನು ದಕ್ಕಿಸಿಕೊಳ್ಳಲು ಬೇಕಾದ ಆಸರೆ ಇಬ್ಬರಿಗೂ ಇಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣವೂ ಇದೇ ಮಾತನ್ನು ಹೇಳುತ್ತದೆ. ಅನುಭವ ಮಂಟಪದಲ್ಲಿ ಕಲೆತವರು ದುಡಿದು ಬದುಕಿದವರು: ಬಟ್ಟೆ ಮಡಿ ಮಾಡುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಮಾರಯ್ಯ ಮತ್ತು ಲಕ್ಕಮ್ಮ. ಕಾಯಕವನ್ನು ಬಿಟ್ಟು ಅರಿವನ್ನು ಹುಡುಕಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ದುಡಿಮೆ ಮತ್ತು ಕಲಿಕೆ ಜೊತೆಗೆ ಸಾಗಬಲ್ಲವು ಎಂಬುದಕ್ಕೆ ನಮ್ಮ ಪರಂಪರೆಯೇ ಸಾಕ್ಷಿ. ಆದರೆ ಅವರು ಒಬ್ಬೊಬ್ಬರೇ ತಮ್ಮ ಮನೆಯ ಮೂಲೆಯಲ್ಲಿ ಕೂತು ಉಳಿಯಲಿಲ್ಲ. ಒಂದೆಡೆ ಸೇರಿದರು, ಪ್ರಶ್ನಿಸಿದರು, ಒಬ್ಬರ ಮಾತನ್ನು ಒಬ್ಬರು ಒರೆಗೆ ಹಚ್ಚಿದರು. ಅನುಭಾವ ಬೆಳೆದದ್ದು ಆ ಸಂಗದಲ್ಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು

ಈಗ ಮೂರನೆಯ ಪ್ರಶ್ನೆಗೆ ಬರೋಣ. ಮಗಳನ್ನು ಕಾಲೇಜಿಗೆ ಕಳುಹಿಸುವ ಬದಲು ಮನೆಯಲ್ಲೇ ಓದಿಸಿದರೆ ಆಗದೇ?

ದುಡಿಯುವ ಅನಿವಾರ್ಯತೆ ಇರುವವರಿಗೆ, ಚಿಕ್ಕ ಮಗುವಿನ ತಾಯಿಗೆ, ಅನಾರೋಗ್ಯ ಅಥವಾ ಅಂಗವಿಕಲತೆಯಿಂದ ದಿನವೂ ಹೊರಹೋಗಲಾರದವರಿಗೆ, ಹಿಂದೆ ಓದು ನಿಲ್ಲಿಸಿ ಈಗ ಮತ್ತೆ ಆಸೆಪಟ್ಟವರಿಗೆ ದೂರಶಿಕ್ಷಣ ನಿಜವಾದ ವರ. ಅವರು ಸಂಕೋಚವಿಲ್ಲದೆ ಸೇರಬೇಕು. ಆದರೆ ಹದಿನೆಂಟರ ಹುಡುಗಿಗೆ ಹತ್ತಿರದಲ್ಲೇ ಕಾಲೇಜು ಇದ್ದು, ಕಾಲೇಜಿಗೆ ಹೋಗಬೇಕೆಂಬ ಆಸೆಯೂ ಅವಳಿಗಿದ್ದು, ಮನೆಗೆಲಸಕ್ಕೆ ಅನುಕೂಲವೆಂದೋ ಹೊರಗೆ ಕಳುಹಿಸುವ ಅಂಜಿಕೆಯಿಂದಲೋ ಆನ್‌ಲೈನ್‌ಗೆ ಸೇರಿಸಿದರೆ, ಅದು ಶಿಕ್ಷಣದ ಹೆಸರಿನಲ್ಲಿ ಅವಳನ್ನು ಹೊಸ್ತಿಲೊಳಗೆ ಕೂರಿಸಿದಂತೆ. ಪ್ರಯಾಣದ ಖರ್ಚು ಎಂಬ ಕಾರಣವೂ ಈಗ ನಿಲ್ಲುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಅಡಿಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ.

ಕಾಲೇಜು ಪಠ್ಯವನ್ನಷ್ಟೇ ಕಲಿಸುವುದಿಲ್ಲ. ಅಪರಿಚಿತರೊಡನೆ ಮಾತನಾಡುವುದು, ಗ್ರಂಥಾಲಯದಲ್ಲಿ ತಾನೇ ಪುಸ್ತಕ ಹುಡುಕುವುದು, ತನ್ನ ಅಭಿಪ್ರಾಯವನ್ನು ನಾಲ್ಕು ಜನರ ಮುಂದೆ ಹೇಳಿ ನಿಲ್ಲುವುದು, ಇವೂ ಅಲ್ಲಿಯೇ ಬರುತ್ತವೆ. ಅಕ್ಕಮಹಾದೇವಿಯನ್ನು ಅನುಭವ ಮಂಟಪದ ತುಂಬಿದ ಸಭೆಯಲ್ಲಿ ಪ್ರಶ್ನಿಸಿ, ಅವಳ ಉತ್ತರಕ್ಕೆ ತಲೆಬಾಗಿದ ಪರಂಪರೆ ನಮ್ಮದು. ಅವಳ ಹೆಸರನ್ನು ಹೆಣ್ಣುಮಕ್ಕಳಿಗೆ ಇಟ್ಟು ಅವಳ ದಾರಿಯನ್ನು ಮುಚ್ಚುವುದು ಸಲ್ಲದು.

ನಮ್ಮ ಕೈಯಲ್ಲಿರುವ ಕೆಲಸ

ಹಾಗಾದರೆ ಆಗಬೇಕಾದದ್ದೇನು? ದೊಡ್ಡ ಕಟ್ಟಡವೂ ಬೇಡ, ಕೋಟಿಯ ನಿಧಿಯೂ ಬೇಡ.

ಪ್ರತಿ ಬಡಾವಣೆಯಲ್ಲೂ ಒಂದು ಸಮುದಾಯ ಭವನವೋ ಮಠದ ಶಾಖೆಯೋ ಬಸವ ಮಂಟಪವೋ ಇದ್ದೇ ಇರುತ್ತದೆ. ಮದುವೆ ನಾಮಕರಣಗಳಿಲ್ಲದ ಸಂಜೆಗಳಲ್ಲಿ ಅವುಗಳಿಗೆ ಬೀಗ ಬಿದ್ದಿರುತ್ತದೆ. ಅಲ್ಲಿನ ಒಂದು ಕೊಠಡಿಯನ್ನು ದಿನವೂ ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ತೆರೆದಿಡಬಹುದು. ಹತ್ತು ಕುರ್ಚಿ, ಎರಡು ಉದ್ದನೆಯ ಮೇಜು, ಒಳ್ಳೆಯ ಬೆಳಕು, ವೈಫೈ, ಎರಡು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್. ಬಂದವರ ಹೆಸರು ಬರೆಯಲು ಒಂದು ಪುಸ್ತಕ. ಮೂರು ದಿನ ಬಾರದವರಿಗೆ ಫೋನ್ ಮಾಡಿ ವಿಚಾರಿಸಲು ಒಬ್ಬರು. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಹೆಣ್ಣುಮಕ್ಕಳು ಓದು ಮುಗಿಸಿ ಮನೆ ಸೇರುವವರೆಗಿನ ಹೊಣೆಯನ್ನೂ ಬಡಾವಣೆಯ ಹಿರಿಯರು ಹೊರಬೇಕು.

ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆಯುವುದುಂಟು. ನಿವೃತ್ತ ಉಪನ್ಯಾಸಕರು, ಬ್ಯಾಂಕ್ ಅಧಿಕಾರಿಗಳು, ಲೆಕ್ಕಪರಿಶೋಧಕರು ಶ್ರೀರಾಂಪುರ, ವಿವೇಕಾನಂದನಗರ, ಜೆ.ಪಿ. ನಗರದ ಬೀದಿಗಳಲ್ಲೂ ಲಿಂಗಾಂಬುಧಿ ಕೆರೆಯ ಸುತ್ತಲೂ ಬೆಳಗಿನ ನಡಿಗೆಯಲ್ಲಿ ಸಿಗುತ್ತಾರೆ. ಅವರಲ್ಲಿ ಒಬ್ಬೊಬ್ಬರು ವಾರಕ್ಕೆ ಒಂದು ಸಂಜೆಯನ್ನು ಕೊಟ್ಟರೆ ಅರ್ಥಶಾಸ್ತ್ರದ ಒಂದು ರೇಖಾಚಿತ್ರ, ಲೆಕ್ಕಶಾಸ್ತ್ರದ ಒಂದು ಢಾವಳಿ ಪತ್ರ, ಇಂಗ್ಲಿಷಿನ ಒಂದು ಕ್ಲಿಷ್ಟ ಪುಟ ಹತ್ತು ಮಕ್ಕಳಿಗೆ ಸ್ಪಷ್ಟವಾಗುತ್ತದೆ. ಹೊರಗಿನ ಆನ್‌ಲೈನ್ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಈ ನೆರವು ಇನ್ನಷ್ಟು ಬೇಕು. ಜ್ಞಾನವನ್ನು ಹಂಚುವುದೂ ದಾಸೋಹವೇ.

ಮನೆಯವರ ಪಾಲೂ ಇದೆ. ದೂರಶಿಕ್ಷಣಕ್ಕೆ ಸೇರಿದ ಮಗನ, ಮಗಳ, ಸೊಸೆಯ ಓದಿನ ಹೊತ್ತನ್ನು ಪೂಜೆಯ ಹೊತ್ತಿನಂತೆ ಕಾಪಾಡಬೇಕು. ಆ ಎರಡು ಮೂರು ಗಂಟೆ ಟಿವಿ ನಿಲ್ಲಲಿ, ಮನೆಗೆಲಸವನ್ನು ಉಳಿದವರು ಹಂಚಿಕೊಳ್ಳಲಿ. ಅಂಗಡಿ, ಗ್ಯಾರೇಜು, ಕಾರ್ಖಾನೆಗಳ ಒಡೆಯರಾಗಿರುವ ಸದ್ಭಕ್ತರು ತಮ್ಮಲ್ಲಿ ದುಡಿಯುತ್ತ ಓದುವವರಿಗೆ ಪರೀಕ್ಷೆಯ ದಿನಗಳಲ್ಲಿ ಸಂಬಳ ಹಿಡಿಯದೆ ರಜೆ ಕೊಡಲಿ. ಕಾಯಕವನ್ನು ಗೌರವಿಸುವವರು ಆ ಕಾಯಕಜೀವಿಯ ಅರಿವಿನ ಹಸಿವನ್ನೂ ಗೌರವಿಸಬೇಕು.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಒಬ್ಬರೇ ಸೇರಬೇಡಿ, ಸಾಧ್ಯವಾದರೆ ಅದೇ ಕೋರ್ಸಿಗೆ ಸೇರುವ ಇನ್ನಿಬ್ಬರನ್ನು ಹುಡುಕಿಕೊಳ್ಳಿ. ದಿನದ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಸಂಪರ್ಕ ತರಗತಿಗಳನ್ನು ತಪ್ಪಿಸಬೇಡಿ. ಅಂಚೆಯಲ್ಲಿ ಬಂದ ಸಿದ್ಧಪಾಠದ ಕಟ್ಟನ್ನು ಅಂದೇ ಬಿಚ್ಚಿ.

ಅಂತರಜಾಲ ಪಾಠವನ್ನು ಮನೆಯ ಬಾಗಿಲಿಗೆ ತಂದಿಟ್ಟಿದೆ. ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನದು ಮನೆಯವರ, ನೆರೆಯವರ, ಮಠಗಳ ಕೆಲಸ. ಒಂದು ಕೊಠಡಿ, ಒಂದು ದೀಪ, ‘ಏಕೆ ಬರಲಿಲ್ಲ’ ಎಂದು ಕೇಳುವ ಒಂದು ದನಿ: ಇಷ್ಟನ್ನು ಈ ವರ್ಷ ಒಂದೊಂದು ಬಡಾವಣೆಯಲ್ಲಿ ಒದಗಿಸಿದರೂ, ನಾಲ್ಕನೆಯ ತಿಂಗಳಲ್ಲಿ ಪುಸ್ತಕ ಮುಚ್ಚಿಡಲು ಹೊರಟ ಆ ತರುಣಿ ಅದನ್ನು ಮತ್ತೆ ತೆರೆಯುತ್ತಾಳೆ.